ಕಾರ್ಮಿಕರ ಭಾಷೆ ಬಲ್ಲವರು ಬೇಕಾಗಿದ್ದಾರೆ

ಹಲಸೂರಿನಿಂದ ಕೆ.ಆರ್. ಪುರದ ಕಡೆಗೆ ಸಾಗುವ ಹಳೆ ಮದ್ರಾಸ್ ರಸ್ತೆಯ ಅಕ್ಕಪಕ್ಕದಲ್ಲಿ ಬೆಂಗಳೂರಿನ ಕಾರ್ಮಿಕ ಚರಿತ್ರೆಯ ದೊಡ್ಡ ಪಾಲು ಇದೆ. ಮೊದಲಿಗೆ ದಂಡಿನ ಕಾಲದ ಪೇಟೆ, ಇಂದಿರಾನಗರ ದಾಟಿ ದಕ್ಷಿಣಕ್ಕೆ ತಿರುಗಿದರೆ ಎಚ್‌ಎಎಲ್, ಬೈಯಪ್ಪನಹಳ್ಳಿಯಲ್ಲಿ ಬಾಗಿಲು ಹಾಕಿದ ಎನ್‌ಜಿಇಎಫ್, ಕೆ.ಆರ್. ಪುರದ ಹತ್ತಿರ ಐಟಿಐ. ಈ ಕಾರ್ಖಾನೆಗಳ ನಡುವಿನ ಜಾಗಗಳಲ್ಲಿ ಈಗ ಗಾಜಿನ ಟೆಕ್ ಪಾರ್ಕುಗಳಿವೆ. ಹಳೆಯ ಕಾರ್ಖಾನೆಗಳಲ್ಲಿ ಕಾರ್ಮಿಕ ಕಲ್ಯಾಣಾಧಿಕಾರಿ ಎಂಬ ಒಬ್ಬರಿರುತ್ತಿದ್ದರು. ಟೆಕ್ ಪಾರ್ಕುಗಳಲ್ಲಿ ಎಚ್‌ಆರ್ ಎಂಬವರಿದ್ದಾರೆ. ಇಬ್ಬರ ನಡುವೆ ನೇರವಾದ ವಂಶಾವಳಿ ಇದೆ. ಆದರೆ ಅಜ್ಜನಲ್ಲಿದ್ದ ಒಂದು ಅರ್ಹತೆ ಮೊಮ್ಮಗಳಲ್ಲಿ ಇರಬೇಕೆಂದು ಈಗ ಯಾರೂ ಕೇಳುವುದಿಲ್ಲ. ಅದು ಕಾರ್ಮಿಕರ ಭಾಷೆ ಬರಬೇಕು ಎಂಬ ಅರ್ಹತೆ.

ನಾನು ನಗರದ ಪೂರ್ವ ಭಾಗದ ಕೈಗಾರಿಕೆಗಳ ಚರಿತ್ರೆಯ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಕಾರ್ಖಾನೆ ಎಂದೊಡನೆ ಇತಿಹಾಸಕಾರರು ಎರಡು ಪಾತ್ರಗಳನ್ನು ನೋಡುತ್ತಾರೆ: ಮಾಲೀಕ ಮತ್ತು ಕಾರ್ಮಿಕ. ಇವರಿಬ್ಬರ ನಡುವೆ ಕುಳಿತು ರಜೆ ಮಂಜೂರು ಮಾಡುವ, ಮೆಮೋ ಕೊಡುವ, ಕ್ಯಾಂಟೀನಿನ ಸಾಂಬಾರಿನ ಬಗ್ಗೆ ದೂರು ಕೇಳುವ ಮನುಷ್ಯನ ಬಗ್ಗೆ ಬರೆದದ್ದು ಕಡಿಮೆ. ಆತ ಈ ಕೆಲಸವನ್ನು ಎಲ್ಲಿ ಕಲಿತ, ಯಾವಾಗ ಕಲಿತ, ಯಾವ ಭಾಷೆಯಲ್ಲಿ ಕಲಿತ ಎಂಬ ಪ್ರಶ್ನೆಗಳಂತೂ ಇನ್ನೂ ಅಪರೂಪ. ಇವತ್ತು ಹಗಲಿನಲ್ಲಿ ಕೆಲಸ ಮಾಡಿ, ರಾತ್ರಿ ಮೊಬೈಲ್ ಮುಂದೆ ಕುಳಿತು ಮಾನವ ಸಂಪನ್ಮೂಲ ನಿರ್ವಹಣೆಯಲ್ಲಿ ಸ್ನಾತಕೋತ್ತರ ಪದವಿ ಓದುವ ಹುಡುಗ ಹುಡುಗಿಯರು ಈ ರಸ್ತೆಯ ಬಾಡಿಗೆ ಮನೆಗಳಲ್ಲಿ, ಪಿಜಿಗಳಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ. ಅವರ ಓದಿಗೂ ಒಂದು ಚರಿತ್ರೆ ಇದೆ ಎಂಬುದನ್ನು ಹೇಳಲು ಈ ಬರಹ.

ಕಥೆ ಮೇಸ್ತ್ರಿಯಿಂದ ಶುರುವಾಗುತ್ತದೆ. ಇಂಡಿಯಾದ ಮಿಲ್ಲುಗಳಲ್ಲಿ, ಗಣಿಗಳಲ್ಲಿ ಆಳುಗಳನ್ನು ಸೇರಿಸುವುದು, ಕೆಲಸ ಹಂಚುವುದು, ಕೆಲಸದಿಂದ ಬಿಡಿಸುವುದು ಎಲ್ಲವೂ ಬಹಳ ಕಾಲ ಮೇಸ್ತ್ರಿಯ ಕೈಯಲ್ಲಿತ್ತು. ಬೊಂಬಾಯಿಯಲ್ಲಿ ಆತನನ್ನು ಜಾಬರ್ ಎಂದರು, ಕಲ್ಕತ್ತೆಯಲ್ಲಿ ಸರ್ದಾರ್ ಎಂದರು. ತನ್ನ ಊರಿನವರನ್ನು, ತನ್ನ ಜಾತಿಯವರನ್ನು ಕರೆತರುತ್ತಿದ್ದ ಆತನಿಗೆ ಅವರ ಭಾಷೆ ಗೊತ್ತಿತ್ತು, ಸಾಲ ಗೊತ್ತಿತ್ತು, ಮನೆಯ ಜಗಳವೂ ಗೊತ್ತಿತ್ತು. ಈ ತಿಳಿವಳಿಕೆಯೇ ಆತನ ಬಂಡವಾಳ. ಅದನ್ನು ಬಳಸಿ ಕೆಲಸ ಕೊಡಿಸಲು ಲಂಚ ಪಡೆಯುತ್ತಿದ್ದ, ಕೊಡದವರನ್ನು ಬಿಡಿಸುತ್ತಿದ್ದ. 1929ರಲ್ಲಿ ನೇಮಕವಾದ ರಾಯಲ್ ಕಮಿಷನ್ ಆನ್ ಲೇಬರ್, ಅಧ್ಯಕ್ಷರ ಹೆಸರಿನಿಂದ ವಿಟ್ಲಿ ಆಯೋಗ ಎಂದೇ ಪರಿಚಿತವಾದದ್ದು, 1931ರ ತನ್ನ ವರದಿಯಲ್ಲಿ ಈ ಅಧಿಕಾರವನ್ನು ಮೇಸ್ತ್ರಿಯಿಂದ ತೆಗೆದು ಲೇಬರ್ ಆಫೀಸರ್ ಎಂಬ ಹೊಸ ಅಧಿಕಾರಿಗೆ ಕೊಡಬೇಕೆಂದು ಸಲಹೆ ಮಾಡಿತು. ಆ ಅಧಿಕಾರಿಯಲ್ಲಿ ಏನೇನು ಗುಣ ಇರಬೇಕೆಂದೂ ಹೇಳಿತು. ಪ್ರಾಮಾಣಿಕತೆ, ವ್ಯಕ್ತಿತ್ವ, ಹುರುಪು, ಮನುಷ್ಯರನ್ನು ಅರಿಯುವ ಶಕ್ತಿ. ಇವುಗಳ ಸಾಲಿನಲ್ಲೇ ಭಾಷೆಗಳ ಮೇಲಿನ ಹಿಡಿತವೂ ಇತ್ತು. ಆಯೋಗದ ತರ್ಕ ಸರಳ. ಮೇಸ್ತ್ರಿಯ ಬಲ ಇದ್ದದ್ದು ನಾಲಿಗೆಯಲ್ಲಿ. ಆತನ ಜಾಗಕ್ಕೆ ಬರುವವನಿಗೆ ಆ ನಾಲಿಗೆ ಇಲ್ಲದಿದ್ದರೆ, ಒಳಗೆ ಕೆಲಸ ನಡೆಸುವವನು ಮೇಸ್ತ್ರಿಯೇ ಆಗುತ್ತಾನೆ.

ಬೆಂಗಳೂರಿನ ಪೂರ್ವಕ್ಕೆ ಈ ಮಾತು ಹೆಚ್ಚು ಅನ್ವಯವಾಗುತ್ತದೆ. 1809ರಲ್ಲಿ ದಂಡು ಸ್ಥಾಪನೆಯಾದಾಗ ಸೈನ್ಯದ ಹಿಂದೆಯೇ ಮದ್ರಾಸ್ ಪ್ರಾಂತ್ಯದಿಂದ ತಮಿಳು, ತೆಲುಗು ಮಾತಿನ ಜನ ಬಂದರು. ಶಿವಾಜಿನಗರದ ಸಂತೆಯಲ್ಲಿ ಉರ್ದು, ತಮಿಳು, ಕನ್ನಡ, ಇಂಗ್ಲಿಷ್ ಒಂದೇ ವ್ಯಾಪಾರದೊಳಗೆ ಬೆರೆಯುತ್ತಿದ್ದವು. 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿದಾಗಲೂ ಈ ಭಾಗ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂದು ಬ್ರಿಟಿಷರ ಬಳಿಯೇ ಉಳಿಯಿತು. ಕಬ್ಬನ್ ಪಾರ್ಕಿನ ಒಂದು ಬದಿಗೆ ಮಹಾರಾಜರ ಕಾನೂನು, ಇನ್ನೊಂದು ಬದಿಗೆ ರೆಸಿಡೆಂಟರ ಕಾನೂನು. ಮೈಸೂರು ಸಂಸ್ಥಾನದಲ್ಲಿ ಕಾರ್ಮಿಕ ಸಂಘಗಳಿಗೆ ಕಾನೂನಿನ ಮನ್ನಣೆ ಬಂದದ್ದು 1942ರ ಮೈಸೂರು ಕಾರ್ಮಿಕ ಕಾಯ್ದೆಯಿಂದ. ಸಂಸ್ಥಾನದ ಗಣಿ ಮತ್ತು ಮಿಲ್ಲು ಕಾರ್ಮಿಕರ ಹೋರಾಟಗಳ ಚರಿತ್ರೆಯನ್ನು ಜಾನಕಿ ನಾಯರ್ ಅವರು 1998ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾರೆ. ಆ ಹೊತ್ತಿಗಾಗಲೇ, 1940ರ ಡಿಸೆಂಬರಿನಲ್ಲಿ, ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ವಿಮಾನ ಕಾರ್ಖಾನೆ ಬಂದಿತ್ತು. 1947ರ ಜುಲೈನಲ್ಲಿ ದಂಡು ಮೈಸೂರಿಗೆ ಮರಳಿತು, 1949ರಲ್ಲಿ ಎರಡೂ ಪುರಸಭೆಗಳು ಒಂದು ನಗರಪಾಲಿಕೆಯಾದವು. ಭಾಷೆಗಳು ಮಾತ್ರ ಹಾಗೆ ಒಂದಾಗಲಿಲ್ಲ. ಆಗಬೇಕಾಗಿಯೂ ಇರಲಿಲ್ಲ.

1948 ಈ ಕಥೆಯಲ್ಲಿ ಮುಖ್ಯವಾದ ವರ್ಷ. ಆ ವರ್ಷ ಎರಡು ಸಂಗತಿಗಳು ನಡೆದವು. ಕೆ.ಆರ್. ಪುರದ ಬಳಿ ಟೆಲಿಫೋನ್ ಕಾರ್ಖಾನೆ ಶುರುವಾಯಿತು. ಸಂಸತ್ತಿನ ಕೆಲಸ ಮಾಡುತ್ತಿದ್ದ ಸಂವಿಧಾನ ಸಭೆಯಲ್ಲಿ ಕಾರ್ಖಾನೆಗಳ ಕಾಯ್ದೆ ಅಂಗೀಕಾರವಾಯಿತು. ಕಾಯ್ದೆಯ 49ನೆಯ ಸೆಕ್ಷನ್ ಪ್ರಕಾರ 500 ಅಥವಾ ಹೆಚ್ಚು ಕಾರ್ಮಿಕರಿರುವ ಪ್ರತಿ ಕಾರ್ಖಾನೆಯೂ ಕಲ್ಯಾಣಾಧಿಕಾರಿಯನ್ನು ನೇಮಿಸಲೇಬೇಕಿತ್ತು. ಆತನಿಗೆ ಏನು ಅರ್ಹತೆ ಇರಬೇಕು ಎಂಬುದನ್ನು ನಿಯಮಗಳಿಗೆ ಬಿಡಲಾಯಿತು. ಕೇಂದ್ರದ ಮಾದರಿ ನಿಯಮಗಳು ಮತ್ತು ಅವುಗಳ ಜಾಡಿನಲ್ಲಿ ಹಲವು ರಾಜ್ಯಗಳು ಮಾಡಿಕೊಂಡ ನಿಯಮಗಳು ಮೂರು ಅರ್ಹತೆಗಳನ್ನು ಹೇಳಿದವು. ಒಂದು, ಪದವಿ. ಎರಡು, ಸಮಾಜಕಾರ್ಯದಲ್ಲಿ ಪದವಿ ಅಥವಾ ಡಿಪ್ಲೊಮಾ. ಮೂರು, ಆ ಕಾರ್ಖಾನೆಯ ಬಹುಪಾಲು ಕಾರ್ಮಿಕರು ಆಡುವ ಭಾಷೆಯ ಸಾಕಷ್ಟು ಜ್ಞಾನ.

ಮೂರನೆಯದನ್ನು ಇನ್ನೊಮ್ಮೆ ಓದಿ ನೋಡಿ. ಅದು ರಾಜ್ಯಭಾಷೆ ಎನ್ನಲಿಲ್ಲ, ಮಾತೃಭಾಷೆ ಎನ್ನಲಿಲ್ಲ. ಎದುರಿಗೆ ನಿಂತ ಕಾರ್ಮಿಕನ ಭಾಷೆ ಎಂದಿತು. ಅಧಿಕಾರಿ ಎಲ್ಲಿ ಹುಟ್ಟಿದವನು ಎಂಬುದು ಅಲ್ಲಿ ಮುಖ್ಯವಾಗಲಿಲ್ಲ, ಕೇಳಿಸಿಕೊಳ್ಳುವ ಕಿವಿ ಆತನಿಗಿದೆಯೇ ಎಂಬುದು ಮುಖ್ಯವಾಯಿತು. ಇಂಥದೇ ಕಾಳಜಿ ಆ ಕಾಲದ ಬೇರೆ ಕಾನೂನುಗಳಲ್ಲೂ ಕಾಣುತ್ತದೆ. 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯ ಪ್ರಕಾರ ರಜೆ, ಶಿಸ್ತು, ಅಮಾನತು ಕುರಿತ ನಿಯಮಗಳನ್ನು ಇಂಗ್ಲಿಷಿನಲ್ಲೂ ಬಹುಪಾಲು ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಬರೆಸಿ, ಕಾರ್ಮಿಕರು ಒಳಬರುವ ಬಾಗಿಲ ಬಳಿ ಬೋರ್ಡಿನ ಮೇಲೆ ಹಾಕಬೇಕಿತ್ತು. ಕಾರ್ಖಾನೆಗಳ ಕಾಯ್ದೆಯ 108ನೆಯ ಸೆಕ್ಷನ್ ಕೂಡ ನೋಟಿಸುಗಳ ಬಗ್ಗೆ ಇದನ್ನೇ ಹೇಳಿತು. ಹೀಗೆ ಗೋಡೆಯ ಮೇಲೂ ಕಾರ್ಮಿಕರ ಭಾಷೆ, ಕುರ್ಚಿಯ ಮೇಲೂ ಕಾರ್ಮಿಕರ ಭಾಷೆ ಬಲ್ಲವರು. ಎಲ್ಲ ಕಡೆ ಇದು ಪಾಲನೆಯಾಯಿತು ಎಂದು ನಾನು ಹೇಳುತ್ತಿಲ್ಲ. ಆದರೆ ಹಾಗಿರಬೇಕು ಎಂಬ ತಿಳಿವಳಿಕೆ ಕಾನೂನಿನ ಅಕ್ಷರದಲ್ಲಿತ್ತು.

ಟೆಲಿಫೋನ್ ಕಾರ್ಖಾನೆ ಬಂದ ಮೇಲೆ ಅದರ ಸುತ್ತ ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ ಬಂದವು. ಆ ಊರಿಗೆ ದೂರವಾಣಿನಗರ ಎಂದು ಹೆಸರಾಯಿತು. ಅತ್ತ ಎಚ್‌ಎಎಲ್ ಬಳಿಯ ವಸತಿಗೆ ವಿಮಾನಪುರ. 560016 ಮತ್ತು 560017 ಎಂಬ ಪಿನ್ ಕೋಡುಗಳ ಹಿಂದೆ ಈಗಲೂ ಈ ಹೆಸರುಗಳಿವೆ. ಹೊಸ ಯಂತ್ರಗಳು ಬಂದಾಗ ಅವಕ್ಕೆ ನಮ್ಮ ನುಡಿಯಲ್ಲಿ ಹೆಸರಿಟ್ಟು, ಆ ಹೆಸರನ್ನು ಪೋಸ್ಟ್ ಆಫೀಸಿನ ಮೇಲೆ ಬರೆಸುವ ಆತ್ಮವಿಶ್ವಾಸ ಆ ತಲೆಮಾರಿಗೆ ಇತ್ತು. ಐಟಿಐನ ಚರಿತ್ರೆಯನ್ನು ದಿಲೀಪ್ ಸುಬ್ರಮಣಿಯನ್ ಅವರು 2010ರಲ್ಲಿ ಪ್ರಕಟವಾದ ದೊಡ್ಡ ಗ್ರಂಥದಲ್ಲಿ ಬರೆದಿದ್ದಾರೆ. ಕನ್ನಡ, ತಮಿಳು, ಮಲಯಾಳಂ, ತೆಲುಗು ಮಾತಿನವರು ಒಂದೇ ಸಾಲಿನಲ್ಲಿ ಕುಳಿತು ಕೆಲಸ ಮಾಡಿದ ಜಾಗ ಅದು. ಜೋಡಣೆಯ ಸಾಲುಗಳಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿದ್ದರು. ಇಂಥ ಕಡೆ ಪರ್ಸನಲ್ ಆಫೀಸರ್ ಆಗುವುದೆಂದರೆ ದಿನಕ್ಕೆ ಮೂರು ನಾಲ್ಕು ಭಾಷೆಗಳ ನಡುವೆ ಓಡಾಡುವುದು ಎಂದೇ ಅರ್ಥ.

ಈ ಕೆಲಸವನ್ನು ಕಲಿಸುತ್ತಿದ್ದವರು ಯಾರು? ಮೊದಲ ಶಾಲೆ ಬೊಂಬಾಯಿಯದು. 1936ರಲ್ಲಿ ಶುರುವಾದ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆಯೇ ಮುಂದೆ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸೈನ್ಸಸ್ ಆಯಿತು. ನಮ್ಮ ನಾಡಿನಲ್ಲಿ 1960ರಲ್ಲಿ ಮಂಗಳೂರಿನ ರೋಶನಿ ನಿಲಯ ಬಂತು. ಅಂದರೆ ಈ ವಿದ್ಯೆ ಮೊದಲಿಗೆ ವಾಣಿಜ್ಯ ವಿಭಾಗದ್ದಾಗಿರಲಿಲ್ಲ, ಸಮಾಜಕಾರ್ಯದ ಮನೆಯದ್ದಾಗಿತ್ತು. ವಿದ್ಯಾರ್ಥಿಗಳು ಕೊಳೆಗೇರಿಗೆ, ಆಸ್ಪತ್ರೆಗೆ, ಕಾರ್ಖಾನೆಗೆ ಹೋಗಿ ಜನರೊಡನೆ ಮಾತಾಡಿ ವರದಿ ಬರೆಯುವುದು ಓದಿನ ಭಾಗ. ಭಾಷೆ ಬಾರದವರು ಕ್ಷೇತ್ರಕಾರ್ಯದಲ್ಲಿ ಮುಂದೆ ಹೋಗುವುದೇ ಕಷ್ಟ.

ಆದರೆ ಹೀಗೆ ಎರಡು ವರ್ಷ ಪೂರ್ಣಾವಧಿ ಓದುವುದು ಎಲ್ಲರಿಗೂ ಸಾಧ್ಯವಿರಲಿಲ್ಲ. ಟೈಮ್ ಆಫೀಸಿನ ಗುಮಾಸ್ತರು, ಸ್ಟೆನೋಗಳು, ಮೇಲ್ವಿಚಾರಕರು ಕೆಲಸದಲ್ಲಿದ್ದುಕೊಂಡೇ ಮೇಲಕ್ಕೆ ಹೋಗಲು ದಾರಿ ಹುಡುಕುತ್ತಿದ್ದರು. ಅಂಥವರಿಗಾಗಿ ವೃತ್ತಿಪರರ ಸಂಸ್ಥೆಗಳಿದ್ದವು. ಕಲ್ಕತ್ತೆಯಲ್ಲಿ ಒಂದು, ಬೊಂಬಾಯಿಯಲ್ಲಿ ಇನ್ನೊಂದು ಶುರುವಾಗಿ, 1980ರಲ್ಲಿ ಎರಡೂ ಸೇರಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಪರ್ಸನಲ್ ಮ್ಯಾನೇಜ್‌ಮೆಂಟ್ ಆಯಿತು. ಮನೆಯಲ್ಲೇ ಓದಿ ಪರೀಕ್ಷೆ ಬರೆದು ಅದರ ಡಿಪ್ಲೊಮಾ ಪಡೆಯಬಹುದಿತ್ತು. ವಿಶ್ವವಿದ್ಯಾಲಯಗಳಲ್ಲಿ 1962ರಲ್ಲಿ ದೆಹಲಿ ಅಂಚೆಯ ಮೂಲಕ ಕಲಿಸಲು ಶುರುಮಾಡಿತು. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಆ ದಾರಿ ಹಿಡಿಯಿತು. ಅದಕ್ಕೆ ಕನ್ನಡದಲ್ಲಿ ಎಂಥ ಒಳ್ಳೆಯ ಹೆಸರು ಇತ್ತು ನೋಡಿ: ಅಂಚೆ ತೆರಪಿನ ಶಿಕ್ಷಣ. ತೆರಪು ಎಂದರೆ ಬಿಡುವು. ದುಡಿಮೆಯ ನಡುವೆ ಸಿಗುವ ಬಿಡುವಿನಲ್ಲಿ, ಅಂಚೆಯಲ್ಲಿ ಬರುವ ಪಾಠ ಓದುವುದು. ಪಾರ್ಟ್ ಟೈಮ್ ಓದು ಎಂಬ ಮಾತಿನಲ್ಲಿ ಸಮಯದ ತುಂಡು ಮಾತ್ರ ಇದೆ. ತೆರಪು ಎಂಬಲ್ಲಿ ಆ ತುಂಡನ್ನು ಉಳಿಸಿಕೊಂಡ ಮನುಷ್ಯನೂ ಇದ್ದಾನೆ. ಮುಂದೆ 1996ರಲ್ಲಿ ಇದೇ ಸಂಸ್ಥೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಕನ್ನಡದಲ್ಲಿ ಬಿ.ಎ., ಎಂ.ಎ. ಮುಗಿಸಿದ ಎಷ್ಟೋ ಗುಮಾಸ್ತರು, ಗೃಹಿಣಿಯರು, ಪೊಲೀಸರು, ಶಿಕ್ಷಕರು ಈ ತೆರಪಿನ ಮಕ್ಕಳು.

ಅದೇ ಕಾಲದಲ್ಲಿ ಇನ್ನೊಂದು ಶಿಕ್ಷಣವೂ ನಡೆಯುತ್ತಿತ್ತು. 1958ರಲ್ಲಿ ಕೇಂದ್ರ ಸರ್ಕಾರ ಕಾರ್ಮಿಕ ಶಿಕ್ಷಣ ಮಂಡಳಿ ಸ್ಥಾಪಿಸಿತು. ಕಾರ್ಮಿಕರಲ್ಲೇ ಕೆಲವರನ್ನು ತರಬೇತುಗೊಳಿಸಿ, ಅವರಿಂದ ಉಳಿದವರಿಗೆ ಕಾರ್ಮಿಕ ಕಾನೂನು, ಸಂಘಟನೆ, ಉತ್ಪಾದನೆ ಕುರಿತು ಅವರವರ ಭಾಷೆಯಲ್ಲೇ ಪಾಠ ಹೇಳಿಸುವುದು ಅದರ ಕ್ರಮ. ಹೀಗಾಗಿ ಒಂದೇ ಕಾಯ್ದೆಯನ್ನು ಅಧಿಕಾರಿ ಇಂಗ್ಲಿಷಿನಲ್ಲಿ ಓದಿದ, ಕಾರ್ಮಿಕ ಕನ್ನಡದಲ್ಲಿ ಕೇಳಿದ. ಗೇಟ್ ಮೀಟಿಂಗಿನಲ್ಲಿ ಬೋನಸ್ ಕಾಯ್ದೆಯನ್ನು ಅಚ್ಚುಕಟ್ಟಾಗಿ ಬಿಡಿಸಿ ಹೇಳುವ ಸಂಘದ ಮುಂದಾಳುಗಳು ರೂಪುಗೊಂಡದ್ದರಲ್ಲಿ ಇಂಥ ತರಗತಿಗಳ ಪಾಲೂ ಇದೆ. ಕಾರ್ಮಿಕ ಕಾನೂನಿಗೆ ಕನ್ನಡದ ಬಾಯಿಮಾತು ಹುಟ್ಟಿದ್ದು ಕಾಲೇಜಿನಲ್ಲಿ ಅಲ್ಲ, ಗೇಟಿನ ಮುಂದೆ.

ಆ ಮಾತಿನ ಬಲ ಕಂಡದ್ದು 1980ರ ಡಿಸೆಂಬರ್ 26ರಂದು ಶುರುವಾದ ಸಾರ್ವಜನಿಕ ಉದ್ದಿಮೆಗಳ ಮುಷ್ಕರದಲ್ಲಿ. ಎಚ್‌ಎಎಲ್, ಐಟಿಐ, ಬಿಇಎಲ್, ಎಚ್‌ಎಂಟಿ, ಬಿಇಎಂಎಲ್‌ಗಳ ಸುಮಾರು 1.25 ಲಕ್ಷ ಕಾರ್ಮಿಕರು 77 ದಿನ ಕೆಲಸ ನಿಲ್ಲಿಸಿದರು. ಬಿಎಚ್‌ಇಎಲ್ ಕಾರ್ಮಿಕರಿಗೆ ಸಮನಾದ ವೇತನ ಬೇಕೆಂಬುದು ಮುಖ್ಯ ಬೇಡಿಕೆ. ಬಯಸಿದಷ್ಟು ಅವರಿಗೆ ದಕ್ಕಲಿಲ್ಲ. ಮುಷ್ಕರ ನಡೆಯುತ್ತಿರುವಾಗಲೇ, 1981ರ ಜನವರಿಯಲ್ಲಿ, ಶಾಲೆಗಳಲ್ಲಿ ಭಾಷೆಯ ಸ್ಥಾನ ಕುರಿತ ಗೋಕಾಕ್ ವರದಿ ಸರ್ಕಾರದ ಕೈ ಸೇರಿತು. ಮರುವರ್ಷ ಬೀದಿಗಳು ಆ ವರದಿಯ ಪರವಾದ ಚಳವಳಿಯಿಂದ ತುಂಬಿದವು. ಕಾರ್ಖಾನೆಗಳ ಕನ್ನಡ ಸಂಘಗಳೂ ಆ ಹೊತ್ತಿನಲ್ಲಿ ಗಟ್ಟಿಯಾದವು. 1986ರಲ್ಲಿ ಬಂದ ಸರೋಜಿನಿ ಮಹಿಷಿ ವರದಿ ಉದ್ಯೋಗದಲ್ಲಿ ಕನ್ನಡಿಗರ ಪಾಲಿನ ಬಗ್ಗೆ ಮಾತಾಡಿತು. ಅದರ ಶಿಫಾರಸುಗಳಲ್ಲಿ ಒಂದು ನನ್ನ ವಿಷಯಕ್ಕೆ ನೇರವಾಗಿ ಸೇರುತ್ತದೆ: ರಾಜ್ಯದ ಕೈಗಾರಿಕೆಗಳ ಪರ್ಸನಲ್ ಅಧಿಕಾರಿಗಳು ಕನ್ನಡಿಗರಾಗಿರಬೇಕು ಎಂಬುದು.

ವಿಟ್ಲಿ ಆಯೋಗದ ಮಾತನ್ನೂ ಮಹಿಷಿ ವರದಿಯ ಮಾತನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಎರಡೂ ಒಂದೇ ಕುರ್ಚಿಯನ್ನು ಕುರಿತು ಮಾತಾಡುತ್ತವೆ, ಆದರೆ ಕೇಳುವ ಪ್ರಶ್ನೆ ಬೇರೆ. ಕೆಲಸ ಯಾರಿಗೆ ಸಿಗಬೇಕು ಎಂಬುದು ಮಹಿಷಿ ವರದಿಯ ಪ್ರಶ್ನೆ. ನೇಮಕದ ಬಾಗಿಲಲ್ಲಿ ಕುಳಿತವರು ತಮ್ಮವರನ್ನೇ ಕರೆಯುತ್ತಾರೆ ಎಂಬ ಅನುಭವದಿಂದ ಹುಟ್ಟಿದ ಪ್ರಶ್ನೆ ಅದು, ಹಳೆಯ ಮೇಸ್ತ್ರಿಯ ಬಗ್ಗೆ ಇದ್ದ ಅನುಮಾನವೇ ಹೊಸ ರೂಪದಲ್ಲಿ. ವಿಟ್ಲಿಯದು, ಕೆಲಸದಲ್ಲಿರುವವನ ಮಾತು ಯಾರಿಗೆ ಅರ್ಥವಾಗಬೇಕು ಎಂಬ ಪ್ರಶ್ನೆ. ನಮ್ಮ ಸಾರ್ವಜನಿಕ ಚರ್ಚೆಯಲ್ಲಿ ಮೊದಲನೆಯದು ಉಳಿದುಕೊಂಡಿತು. 2024ರ ಜುಲೈನಲ್ಲಿ ಸ್ಥಳೀಯರ ಉದ್ಯೋಗ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟು, ಉದ್ಯಮದ ವಿರೋಧ ಬಂದೊಡನೆ ತಡೆಹಿಡಿದಾಗ ಊರೆಲ್ಲ ಮಾತಾಡಿದ್ದು ಶೇಕಡಾವಾರು ಲೆಕ್ಕವನ್ನೇ. ಎರಡನೆಯ ಪ್ರಶ್ನೆ ಸದ್ದಿಲ್ಲದೆ ಹಿಂದೆ ಸರಿದಿತ್ತು.

ಸರಿದದ್ದು ಹೇಗೆ? ಮೊದಲು ಹೆಸರು ಬದಲಾಯಿತು. 1970ರ ದಶಕದ ನಡುವಿನಲ್ಲಿ ಅಹಮದಾಬಾದಿನ ಐಐಎಂನ ಉದಯ್ ಪಾರೀಕ್ ಮತ್ತು ಟಿ.ವಿ. ರಾವ್ ಅವರು ಲಾರ್ಸನ್ ಅಂಡ್ ಟೂಬ್ರೊ ಕಂಪನಿಗೆ ಮಾನವ ಸಂಪನ್ಮೂಲ ಅಭಿವೃದ್ಧಿಯ ವ್ಯವಸ್ಥೆ ರೂಪಿಸಿದರು. 1985ರಲ್ಲಿ ದೇಶದ ಶಿಕ್ಷಣ ಇಲಾಖೆಯೇ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯವಾಯಿತು. 2020ರವರೆಗೆ ಅದೇ ಹೆಸರಿನಲ್ಲಿ ಉಳಿಯಿತು. ಪಾರೀಕ್ ಮತ್ತು ರಾವ್ ಅವರ ಮನಸ್ಸಿನಲ್ಲಿದ್ದದ್ದು ಮನುಷ್ಯರು ಬೆಳೆಯಬಲ್ಲರು ಎಂಬ ಒಳ್ಳೆಯ ನಂಬಿಕೆ. ಆದರೆ ಕಲ್ಯಾಣ ಎಂಬ ಪದ ಹೋಗಿ ಸಂಪನ್ಮೂಲ ಎಂಬ ಪದ ಬಂದಾಗ, ವಿದ್ಯೆಯ ಮನೆಯೂ ಸಮಾಜಕಾರ್ಯದಿಂದ ಮ್ಯಾನೇಜ್‌ಮೆಂಟಿಗೆ ಬದಲಾಯಿತು. ಕ್ಷೇತ್ರಕಾರ್ಯದ ಜಾಗಕ್ಕೆ ಕೇಸ್ ಸ್ಟಡಿ ಬಂತು. 1973ರಲ್ಲಿ ಬೆಂಗಳೂರಿಗೆ ಐಐಎಂ ಬಂದಾಗ ಸಾರ್ವಜನಿಕ ಉದ್ದಿಮೆಗಳಿಗೆ ಆಡಳಿತಗಾರರನ್ನು ಕೊಡುವುದು ಅದರ ಉದ್ದೇಶವಾಗಿತ್ತು. 1991ರ ನಂತರ ಆ ಉದ್ದಿಮೆಗಳೇ ಕುಗ್ಗತೊಡಗಿದವು. ಸ್ವಯಂ ನಿವೃತ್ತಿಯ ಯೋಜನೆಗಳು ಬಂದವು. ಐಟಿಐನಲ್ಲಿ ಜನ ಕಡಿಮೆಯಾದರು, ಎನ್‌ಜಿಇಎಫ್ ಮುಚ್ಚಿತು.

ಅವುಗಳ ಪಕ್ಕದಲ್ಲಿ ಎದ್ದ ಐಟಿ ಕಂಪನಿಗಳಿಗೆ ರಾಜ್ಯ ಸರ್ಕಾರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯಿಂದ ವಿನಾಯಿತಿ ಕೊಟ್ಟಿತು, ಅವಧಿ ಮುಗಿದಾಗ ಮತ್ತೆ ಕೊಟ್ಟಿತು. 2014ರಲ್ಲಿ ಕೊಡುವಾಗ ಲೈಂಗಿಕ ಕಿರುಕುಳ ತಡೆ ಸಮಿತಿ, ಕುಂದುಕೊರತೆ ಸಮಿತಿ ಇರಬೇಕು ಎಂಬಂಥ ಷರತ್ತುಗಳನ್ನು ಹಾಕಿತು. ವಿನಾಯಿತಿಯ ಜೊತೆಗೆ ಬಾಗಿಲ ಬಳಿಯ ಆ ಎರಡು ಭಾಷೆಯ ಬೋರ್ಡು ಹೋಯಿತು. ಇಂಜಿನಿಯರುಗಳಿಗೆ ಇಂಗ್ಲಿಷ್ ಬರುತ್ತದೆ, ಬೋರ್ಡು ಯಾಕೆ ಎನ್ನಬಹುದು. ಟೆಕ್ ಪಾರ್ಕಿನಲ್ಲಿ ಇಂಜಿನಿಯರುಗಳು ಮಾತ್ರ ಇರುವುದಿಲ್ಲವಲ್ಲ. ನೆಲ ಒರೆಸುವವರು, ಸೆಕ್ಯೂರಿಟಿಯವರು, ಕ್ಯಾಂಟೀನಿನವರು, ಗಾಡಿ ಓಡಿಸುವವರು ಇದ್ದಾರೆ. ಅವರು ಆ ಕಂಪನಿಯ ನೌಕರರಲ್ಲ, ಕಂಟ್ರಾಕ್ಟರನ ಆಳುಗಳು. ಅವರಿಗೂ ಒಬ್ಬ ಎಚ್‌ಆರ್ ಇರುತ್ತಾರೆ, ಕಂಟ್ರಾಕ್ಟರನ ಕಡೆಯವರು.

ನಾನು ಬಾಡಿಗೆಗಿರುವ ಕೆ.ಆರ್. ಪುರದ ಕಟ್ಟಡದ ಮೇಲಿನ ಮಹಡಿಯಲ್ಲಿ ಅಂಥ ಒಬ್ಬಳಿದ್ದಾಳೆ. ಚಿಂತಾಮಣಿ ಕಡೆಯವಳು, ಸರ್ಕಾರಿ ಕಾಲೇಜಿನಲ್ಲಿ ಬಿ.ಕಾಂ. ಮಾಡಿದವಳು. ಹೌಸ್‌ಕೀಪಿಂಗ್ ಜನರನ್ನು ಒದಗಿಸುವ ಒಂದು ಏಜೆನ್ಸಿಯಲ್ಲಿ ಕೆಲಸ, ಜೊತೆಗೆ ಆನ್‌ಲೈನ್ ಎಂಬಿಎ, ವಿಶೇಷ ವಿಷಯ ಮಾನವ ಸಂಪನ್ಮೂಲ. 2023ರಲ್ಲಿ ಮೆಟ್ರೊ ಕೆ.ಆರ್. ಪುರದವರೆಗೆ ಬಂದ ಮೇಲೆ ಅವಳ ಅರ್ಧ ಪಾಠ ರೈಲಿನಲ್ಲೇ ಮುಗಿಯುತ್ತದೆ. ಒಂದು ರಾತ್ರಿ ಅಸೈನ್‌ಮೆಂಟ್ ಬರೆಯುತ್ತ ಕೇಳಿದಳು, “ಅಕ್ಕಾ, ಗ್ರೀವೆನ್ಸ್ ಅನ್ನೋದಕ್ಕೆ ಕನ್ನಡದಲ್ಲಿ ಏನಂತಾರೆ?” ಕುಂದುಕೊರತೆ ಎಂದೆ. ನಕ್ಕಳು. “ಅದು ಆಫೀಸಿನ ಮಾತು ಅಕ್ಕ. ನಮ್ಮ ಹೆಂಗಸರ ಹತ್ರ ಹಂಗಂದ್ರೆ ಬಾಯೇ ಬಿಡಲ್ಲ. ಏನ್ ತೊಂದ್ರೆ ಆಯ್ತು, ಕೂತ್ಕೊಂಡು ಹೇಳಮ್ಮ ಅಂತೀನಿ.”

ಅವಳ ದಿನದ ಕೆಲಸವನ್ನು ಕೇಳಿದರೆ 1948ರ ನಿಯಮ ಯಾಕೆ ಹಾಗೆ ಬರೆಯಲ್ಪಟ್ಟಿತು ಎಂಬುದು ಅರ್ಥವಾಗುತ್ತದೆ. ಸಂಬಳದಲ್ಲಿ ಪಿಎಫ್‌ಗೆ ನೂರಕ್ಕೆ 12, ಇಎಸ್‌ಐಗೆ 0.75 ಯಾಕೆ ಕಡಿತವಾಯಿತು ಎಂದು ರಾಯಚೂರಿನ ಕಡೆಯಿಂದ ಬಂದ ಹೆಂಗಸರು ಕೇಳುತ್ತಾರೆ. ಅದು ಕಳೆದುಹೋದ ಹಣವಲ್ಲ, ಇಟ್ಟ ಹಣ ಎಂದು ಅವರ ಚೀಟಿಯ ಲೆಕ್ಕಕ್ಕೆ ಹೋಲಿಸಿ ಹೇಳುತ್ತಾಳೆ. ಕೋಲಾರದ ಕಡೆಯವರಿಗೆ ತೆಲುಗಿನಲ್ಲಿ ಹೇಳುತ್ತಾಳೆ. ಒಡಿಶಾದ, ಅಸ್ಸಾಮಿನ ಹುಡುಗರಿಗೆ ಹರಕುಮುರುಕು ಹಿಂದಿಯಲ್ಲಿ ಹೇಳುತ್ತಾಳೆ. ಇಂದು ಈ ರಸ್ತೆಯ ಬಹುಪಾಲು ಕಾರ್ಮಿಕರ ಭಾಷೆ ಯಾವುದು ಎಂದರೆ ಒಂದೇ ಉತ್ತರ ಇಲ್ಲ. ದಂಡಿನ ಕಾಲದಲ್ಲೂ ಇರಲಿಲ್ಲ. ಹಳೆಯ ನಿಯಮದ ವಿವೇಕ ಇರುವುದು ಅಲ್ಲೇ, ಅದು ಯಾವ ಭಾಷೆಯ ಹೆಸರನ್ನೂ ಹೇಳಲಿಲ್ಲ.

ಈಗ ಅವಳ ಓದನ್ನು ನೋಡೋಣ. ಆ ಓದು ಸಾಧ್ಯವಾದದ್ದೇ ಒಂದು ದೊಡ್ಡ ಸಂಗತಿ, ಅದನ್ನು ಹಗುರ ಮಾಡಬಾರದು. 1985ರಲ್ಲಿ ಇಗ್ನೋ ಬಂತು. ಮಾನವ ಸಂಪನ್ಮೂಲ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ಮತ್ತು ಎಂಬಿಎ ಅಂಚೆಯ ಕಟ್ಟುಗಳಲ್ಲಿ ಮನೆಗೆ ಬರತೊಡಗಿದವು. 2017ರಲ್ಲಿ ಸ್ವಯಂ ವೇದಿಕೆ ಶುರುವಾಯಿತು. ಅದರಲ್ಲಿ ಮ್ಯಾನೇಜ್‌ಮೆಂಟ್ ಪಾಠಗಳ ಹೊಣೆ ಹೊತ್ತದ್ದು ಬೆಂಗಳೂರಿನ ಐಐಎಂ. 2018ರ ಮತ್ತು 2020ರ ಯುಜಿಸಿ ನಿಯಮಗಳ ಪ್ರಕಾರ ವಿಶ್ವವಿದ್ಯಾಲಯಗಳು ಪೂರ್ತಿ ಪದವಿಯನ್ನೇ ಆನ್‌ಲೈನಿನಲ್ಲಿ ಕೊಡಬಹುದು. ವಿಡಿಯೊ ಪಾಠ, ಓದುವ ಸಾಮಗ್ರಿ, ಚರ್ಚೆ, ಸ್ವಂತ ಪರೀಕ್ಷೆ ಎಂಬ ನಾಲ್ಕು ಭಾಗ ಇರಬೇಕೆಂಬುದು ಅಲ್ಲಿನ ಕ್ರಮ. ಮಾನ್ಯತೆ ಇರುವ ಸಂಸ್ಥೆಯ ಇಂಥ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು 2022ರಲ್ಲಿ ಯುಜಿಸಿ ಮತ್ತೆ ಸ್ಪಷ್ಟಪಡಿಸಿತು. ಆ ‘ಮಾನ್ಯತೆ ಇರುವ’ ಎಂಬ ಮಾತಿನ ತೂಕ ಕನ್ನಡ ನಾಡಿನವರಿಗೆ ಗೊತ್ತು. 2013-14ರಿಂದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ ಯುಜಿಸಿ ಮಾನ್ಯತೆ ಇಲ್ಲವಾಗಿ, 2018ರಲ್ಲಿ ಮರಳುವವರೆಗೆ, ತೆರಪಿನಲ್ಲಿ ಓದಿದ ಸಾವಿರಾರು ಮಂದಿ ತಮ್ಮ ಪದವಿಯನ್ನು ಕೈಯಲ್ಲಿ ಹಿಡಿದು ಕಾದರು. ಕಾಲೇಜಿಗೆ ಹೋಗಲು ಆಗದವರ ಓದು ಎಷ್ಟು ಸೂಕ್ಷ್ಮ ದಾರದ ಮೇಲೆ ನಿಂತಿರುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ಚಿಂತಾಮಣಿಯ ಹುಡುಗಿಗೆ ಕೆಲಸ ಬಿಟ್ಟು ಎರಡು ವರ್ಷ ಓದುವ ಅನುಕೂಲ ಇರಲಿಲ್ಲ. ಆನ್‌ಲೈನ್ ಇಲ್ಲದಿದ್ದರೆ ಅವಳಿಗೆ ಈ ಬಾಗಿಲೇ ತೆರೆಯುತ್ತಿರಲಿಲ್ಲ. ಆದರೆ ಆ ಬಾಗಿಲ ಒಳಗೆ ಅವಳಿಗೆ ಸಿಗುವ ಪಾಠ ಬಹುತೇಕ ಇಂಗ್ಲಿಷಿನದು. ಮಾಸ್ಲೊನ ಮೆಟ್ಟಿಲುಗಳು, ಹರ್ಜ್‌ಬರ್ಗನ ಎರಡು ಅಂಶಗಳು, ದೂರದೇಶದ ಕಂಪನಿಗಳ ಕೇಸ್ ಸ್ಟಡಿಗಳು. ಅವು ಬೇಡ ಎಂದಲ್ಲ, ಬಡ್ತಿಗೆ ಇಂಗ್ಲಿಷ್ ಬೇಕು ಎಂಬುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಅವಳಲ್ಲಿ ಆಗಲೇ ಇರುವ, ದಿನವೂ ಕೆಲಸಕ್ಕೆ ಬರುವ ವಿದ್ಯೆಗೆ ಅಲ್ಲಿ ಒಂದು ಅಂಕವೂ ಇಲ್ಲ. ಒಂದು ಶಿಸ್ತುಕ್ರಮದ ನೋಟಿಸನ್ನು ಓದು ಬಾರದ ಹೆಂಗಸಿಗೆ ಹೆದರಿಕೆಯಾಗದಂತೆ, ಆದರೆ ಸುಳ್ಳೂ ಆಗದಂತೆ ತಿಳಿಸುವುದು ಹೇಗೆ ಎಂಬ ಪ್ರಶ್ನೆ ಅವಳ ಪ್ರಶ್ನೆಪತ್ರಿಕೆಯಲ್ಲಿ ಬರುವುದಿಲ್ಲ. 1931ರಲ್ಲಿ ಮುಖ್ಯ ಗುಣಗಳ ಸಾಲಿನಲ್ಲಿದ್ದದ್ದು ಇವತ್ತು ಪಠ್ಯಕ್ರಮದ ಹೊರಗಿದೆ.

ಹಳೆಯದೆಲ್ಲ ಚಿನ್ನ ಎಂಬ ಮೋಹ ನನಗಿಲ್ಲ. ಕಲ್ಯಾಣಾಧಿಕಾರಿಗೆ ಸಂಬಳ ಕೊಡುತ್ತಿದ್ದವರು ಕಂಪನಿಯವರೇ. ಕಾರ್ಮಿಕರ ಭಾಷೆ ಬಂದ ಮಾತ್ರಕ್ಕೆ ಆತ ಕಾರ್ಮಿಕರ ಪರವಾಗುತ್ತಾನೆ ಎಂದಲ್ಲ. ಮೇಸ್ತ್ರಿಗೂ ಭಾಷೆ ಬರುತ್ತಿತ್ತು. ಭಾಷೆ ಬಲ್ಲ ಅಧಿಕಾರಿಗಳಿದ್ದ ಊರಿನಲ್ಲೇ 77 ದಿನಗಳ ಮುಷ್ಕರ ನಡೆಯಿತು. ಭಾಷೆ ನ್ಯಾಯವನ್ನು ತಂದುಕೊಡುವುದಿಲ್ಲ. ಆದರೆ ಭಾಷೆ ಇಲ್ಲದ ಕಡೆ ನ್ಯಾಯದ ಮಾತು ಶುರುವಾಗುವುದೇ ಇಲ್ಲ. ದೂರು ಕೊಡುವ ಪೆಟ್ಟಿಗೆ ಆ್ಯಪಿನೊಳಗೆ ಇಂಗ್ಲಿಷಿನಲ್ಲಿದ್ದರೆ, ದೂರುಗಳೇ ಇಲ್ಲ ಎಂದು ವರದಿ ಹೋಗುತ್ತದೆ.

ಮಾಡಬಹುದಾದದ್ದು ಅಂಥ ದೊಡ್ಡದೇನೂ ಅಲ್ಲ. ನಾಲ್ಕು ಸೆಮಿಸ್ಟರಿನ ಪಠ್ಯದಲ್ಲಿ ಒಂದು ಪತ್ರಿಕೆ ಕ್ಷೇತ್ರದ ಭಾಷೆಗೆ ಮೀಸಲಾಗಲಿ. ವಿದ್ಯಾರ್ಥಿ ತಾನು ಕೆಲಸ ಮಾಡುವ ಕಡೆಯ ನಿಯಮಗಳನ್ನು ಅಲ್ಲಿನ ಜನರ ಮಾತಿಗೆ ತಂದು, ಅವರಿಗೆ ಓದಿ ಹೇಳಿ, ಎಲ್ಲಿ ಅರ್ಥವಾಗಲಿಲ್ಲ ಎಂದು ಬರೆದು ಕೊಡಲಿ. ಮುಕ್ತ ವಿಶ್ವವಿದ್ಯಾಲಯಗಳು ಕಾರ್ಮಿಕ ಕಾನೂನಿನ ಪಾಠಗಳನ್ನು ಕನ್ನಡದಲ್ಲಿ ಮಾಡಿ ಆನ್‌ಲೈನಿನಲ್ಲಿ ಇಡಲಿ. ಗೇಟ್ ಮೀಟಿಂಗುಗಳಲ್ಲಿ ಹುಟ್ಟಿದ ಕನ್ನಡವನ್ನು ನಿವೃತ್ತ ಕಾರ್ಮಿಕರಿಂದ ಕೇಳಿ ಬರೆದುಕೊಳ್ಳುವ ಕೆಲಸ ನಮ್ಮಂಥ ಸಂಶೋಧಕರದು. ಕೆಲಸದಲ್ಲಿದ್ದುಕೊಂಡು ಓದುವವರಿಗೆ ಇದು ಹೊರೆಯಲ್ಲ. ಪೂರ್ಣಾವಧಿ ವಿದ್ಯಾರ್ಥಿಗಿಂತ ಅವರಿಗೇ ಇದು ಸುಲಭ, ಅವರ ಕ್ಷೇತ್ರ ಬೆಳಿಗ್ಗೆ ಎದ್ದರೆ ಎದುರಿಗೇ ಇರುತ್ತದೆ.

2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಕಲ್ಯಾಣಾಧಿಕಾರಿ ಇರಲೇಬೇಕಾದ ಕಾರ್ಖಾನೆಯ ಮಿತಿಯನ್ನು 500ರಿಂದ 250 ಕಾರ್ಮಿಕರಿಗೆ ಇಳಿಸಿದೆ. ಕಲ್ಯಾಣ ಎಂಬ ಪದ ಕಾನೂನಿನಲ್ಲಿ ಇನ್ನೂ ಉಳಿದಿದೆ ಎಂದಾಯಿತು. ಅಂಥ ಹುದ್ದೆಗಳಿಗೆ ಬರುವವರಲ್ಲಿ ಹಲವರು ಈಗ ದೂರವಾಣಿನಗರದ, ಬೈಯಪ್ಪನಹಳ್ಳಿಯ, ಹಲಸೂರಿನ ಯಾವುದೋ ಕೋಣೆಯಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಪಾಠ ಕೇಳುತ್ತಿರಬಹುದು. ಸಂದರ್ಶನದಲ್ಲಿ ಅವರ ಇಂಗ್ಲಿಷನ್ನು ಖಂಡಿತ ಪರೀಕ್ಷಿಸುತ್ತಾರೆ. ನಿಮ್ಮ ಕಾರ್ಮಿಕರು ಯಾವ ಭಾಷೆ ಆಡುತ್ತಾರೆ, ಅದು ನಿಮಗೆ ಬರುತ್ತದೆಯೇ ಎಂದೂ ಯಾರಾದರೂ ಕೇಳಬೇಕು.